ಸಂಬಂಧಿಕರಲ್ಲದ ಇಬ್ಬರು

ಆಲ್ಬನಿ, ಆಕ್ಲೆಂಡ್
12 ಮಾರ್ಚ್ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ನೀವು ಕಳಿಸಿದ ಡಬ್ಬ ಬಂತು. ಶೇಂಗಾ ಚಟ್ನಿಪುಡಿ ಬಂದ ದಿನವೇ ಅರ್ಧ ಖಾಲಿಯಾಯಿತು. ನನ್ನ ಫ್ಲಾಟ್‌ಮೇಟ್ ಅದನ್ನು ಟೋಸ್ಟಿನ ಮೇಲೆ ಹಾಕಿಕೊಂಡು ತಿನ್ನುತ್ತಾಳೆ. ಕನೀಜ್ ಆಂಟಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ.

ಒಂದು ವಿಷಯ ಕೇಳಬೇಕಿತ್ತು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು "ಹಾಂ", "ಆತು", "ಇಡ್ಲಾ?" ಈ ಮೂರು ಮಾತು ದಾಟಿ ಮುಂದೆ ಹೋಗುವುದಿಲ್ಲ. ಕಾಗದದಲ್ಲಾದರೆ ಎರಡು ಪುಟ ಬರೆಯುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ವೆಲಿಂಗ್ಟನ್‌ನಲ್ಲಿ ಒಂದು ಸಚಿವಾಲಯ ಪ್ರತಿ ವರ್ಷ ಡಿಗ್ರಿ ಮುಗಿಸಿದ ಹನ್ನೆರಡು ಜನರನ್ನು ಆರಿಸಿಕೊಳ್ಳುತ್ತದೆ. ಎರಡು ವರ್ಷ ಬೇರೆ ಬೇರೆ ವಿಭಾಗಗಳಲ್ಲಿ ಕೂರಿಸಿ ಕೆಲಸ ಕಲಿಸಿ ಆಮೇಲೆ ಖಾಯಂ ಮಾಡುತ್ತದೆ. ಹೋದ ವರ್ಷ ಆರುನೂರು ಅರ್ಜಿ ಬಂದಿದ್ದವಂತೆ. ಅಲ್ಲಿಂದ ಲೋವರ್ ಹಟ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಅಮ್ಮ ಆಸ್ಪತ್ರೆ ಬದಲಾಯಿಸಿ ಅಲ್ಲಿಗೆ ಹೋದಾಗಿನಿಂದ ಒಬ್ಬಳೇ ಉಂಡು ಡ್ಯೂಟಿಗೆ ಹೋಗುತ್ತಿದ್ದಾಳೆ. ಮೂರು ವರ್ಷವಾಯಿತು. ನನಗೆ ಈ ಕೆಲಸ ಬೇಕು ಅಂಕಲ್. ಬೇರೆ ಯಾವುದಕ್ಕೂ ಅರ್ಜಿ ಹಾಕುವುದಿಲ್ಲ.

ಅರ್ಜಿಗೆ ಅಂಕಪಟ್ಟಿ ಬೇಕು, ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು, ನನ್ನ ಬಗ್ಗೆ ಹೇಳಬಲ್ಲ ಇಬ್ಬರು ರೆಫರಿಗಳ ಹೆಸರು ಕೊಡಬೇಕು. ರೆಫರಿಗಳು ಸಂಬಂಧಿಕರಾಗಿರಬಾರದು. ಒಬ್ಬರು ನಮ್ಮ ಲೆಕ್ಚರರ್. ಇನ್ನೊಬ್ಬರು ನನಗೆ ಕೆಲಸ ಕೊಟ್ಟವರು, ಅಂದರೆ ನೀವು. ಆಗಬಹುದಾ?

ಹರ್ಷಿಣಿ


ಹಾರ್ನ್‌ಬಿ, ಕ್ರೈಸ್ಟ್‌ಚರ್ಚ್
25 ಮಾರ್ಚ್ 2006

ಹರ್ಷಿಣಿಗೆ ನಮ್ಮಿಬ್ಬರ ಆಶೀರ್ವಾದ.

ರೆಫರಿ ಅಂದರೆ ಸೀಟಿ ಊದುವವನು ಎಂದು ಇಷ್ಟು ದಿನ ತಿಳಿದಿದ್ದೆ. ನಿನಗಾಗಿ ಅದನ್ನೂ ಊದುತ್ತೇನೆ. ಹೆಸರು ಬರೆದುಕೋ.

ಅರ್ಜಿಯ ಬಗ್ಗೆ ನನಗೆ ತಿಳಿದದ್ದು ಒಂದೇ. ಡಬ್ಬದ ಮೇಲೆ ಏನು ಬರೆದಿದೆಯೋ ಒಳಗೂ ಅದೇ ಇರಬೇಕು. ಹೆಚ್ಚು ಬರೆದರೆ ಅಂಗಡಿಯವರು ವಾಪಸ್ ಕಳಿಸುತ್ತಾರೆ. ಕಡಿಮೆ ಬರೆದರೆ ಯಾರೂ ಬಿಚ್ಚಿಯೇ ನೋಡುವುದಿಲ್ಲ. ಇಷ್ಟು ನೆನಪಿಟ್ಟುಕೊಂಡು ಬರೆ.

ಗೋಡೌನ್ ನಡೆಯುತ್ತಿದೆ. ನನ್ನ ಬೆನ್ನು ನಡೆಯುತ್ತಿಲ್ಲ. ಇಪ್ಪತ್ತು ಕಿಲೋ ಅಕ್ಕಿ ಚೀಲ ಎತ್ತಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಎತ್ತುತ್ತೇನೆ. ಮುಂದಿನ ರೂಮಿನಲ್ಲಿ ನೀನು ಕೂರುತ್ತಿದ್ದ ಟೇಬಲ್ ಹಾಗೆಯೇ ಇದೆ, ಯಾರನ್ನೂ ಕೂರಿಸಿಲ್ಲ. ಡಿಗ್ರಿ ಮುಗಿದ ಮೇಲೆ ನೀನೇ ಬಂದು ನಡೆಸುವುದಾದರೆ ಬೋರ್ಡಿನ ಮೇಲೆ ನಿನ್ನ ಹೆಸರನ್ನೂ ಬರೆಸುತ್ತೇನೆ. ಇದು ಸುಮ್ಮನೆ ಹೇಳಿದ ಮಾತು.

ಹುಸೇನ್


ಆಲ್ಬನಿ
9 ಏಪ್ರಿಲ್ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ಒಪ್ಪಿದ್ದಕ್ಕೆ ಥ್ಯಾಂಕ್ಸ್.

ನಾಲ್ಕು ಪ್ರಶ್ನೆಗಳಲ್ಲಿ ಮೂರು ಬರೆದು ಮುಗಿಸಿದ್ದೇನೆ. ಒಂದೊಂದಕ್ಕೂ ಮುನ್ನೂರು ಪದ. ಕಷ್ಟದ್ದು ಎರಡನೆಯದು: "ಕೆಲಸದಲ್ಲಿ ನೀವು ತಂದ ಒಂದು ಬದಲಾವಣೆಯನ್ನು ವಿವರಿಸಿ." ಅದಕ್ಕೆ ನಿಮ್ಮ ಡೆಲಿವರಿ ಗಾಡಿ ಯೂಟ್‌ನ ದಾರಿಯ ಕಥೆ ಬರೆದೆ. ನಾನು ಕೆಲಸಕ್ಕೆ ಸೇರಿದಾಗ ನೀವು ಡೆಲಿವರಿ ಕೊಡುತ್ತಿದ್ದದ್ದು ಗಿರಾಕಿಗಳ ವಯಸ್ಸಿನ ಪ್ರಕಾರ. ಚಿದಾನಂದ ಅಂಕಲ್ ಎಲ್ಲರಿಗಿಂತ ಹಿರಿಯರು, ಆದ್ದರಿಂದ ಮೊದಲ ಚೀಲ ಊರಿನ ಆ ತುದಿಯಲ್ಲಿರುವ ಅವರ ಡೈರಿ ಅಂಗಡಿಗೆ. ಎರಡನೆಯ ಹಿರಿಯರಿಗೆ ಕೊಡಲು ಮತ್ತೆ ಈ ತುದಿಗೆ. ಒಂದೇ ದಿನ ಮೂರು ಸಲ ಇಡೀ ಕ್ರೈಸ್ಟ್‌ಚರ್ಚ್ ದಾಟುತ್ತಿದ್ದಿರಿ. ನಾನು ನಕ್ಷೆ ಬರೆದು ಬಡಾವಣೆಯ ಪ್ರಕಾರ ಜೋಡಿಸಿದ ಮೇಲೆ ದಿನಕ್ಕೆ ನಲವತ್ತು ಕಿಲೋಮೀಟರ್ ಉಳಿಯಿತು.

ಇದನ್ನೆಲ್ಲ "ನಾವು ಮಾಡಿದೆವು" ಎಂದು ಬರೆದಿದ್ದೆ. ನಮ್ಮ ಯೂನಿವರ್ಸಿಟಿಯಲ್ಲಿ ಅರ್ಜಿ ತಿದ್ದಲು ಒಬ್ಬ ಸಲಹೆಗಾರ್ತಿ ಇದ್ದಾಳೆ. ಅವಳು "ನಾವು" ಬಂದಲ್ಲೆಲ್ಲ ಕೆಂಪು ಗೆರೆ ಎಳೆದಳು. "ಕೆಲಸ ಬೇಕಾಗಿರೋದು ನಿಂಗೆ ತಾನೆ? ಹಾಗಾದ್ರೆ ಈ ನಾವು ಯಾರು?" ಎಂದು ಕೇಳಿದಳು. ಎಲ್ಲವನ್ನೂ "ನಾನು" ಮಾಡಿದ್ದೇನೆ. ಪ್ರತಿ ಕಳಿಸುತ್ತಿದ್ದೇನೆ, ಓದಿ ಹೇಳಿ. ಏಪ್ರಿಲ್ 30 ಕೊನೆಯ ದಿನ.

ಹರ್ಷಿಣಿ


ಹಾರ್ನ್‌ಬಿ
16 ಏಪ್ರಿಲ್ 2006

ಹರ್ಷಿಣಿಗೆ ಆಶೀರ್ವಾದ.

ಓದಿದೆ. ಒಂದೇ ಪುಟದಲ್ಲಿ ಹದಿನಾಲ್ಕು "ನಾನು" ಇದೆ. ನಮ್ಮ ಗದಗಿನ ಕಡೆ ಚುನಾವಣೆಗೆ ನಿಂತವರೂ ಇಷ್ಟು ಸಲ ಹೇಳುವುದಿಲ್ಲ. ಕನೀಜ್‌ಗೆ ಓದಿ ಹೇಳಿದೆ. "ಖರೇ ಐತಲ್ರೀ, ನಕ್ಷೆ ತೆಗದಾಕಿ ಆಕಿನ. ನೀವೇನ್ ಮಾಡಿದ್ರಿ, ಬೈದ್ರಿ" ಎಂದಳು.

ಅದು ನೆನಪಾಯಿತು. ನಾನು ಬೈದದ್ದನ್ನು ನೀನು ಯಾಕೆ ಬಿಟ್ಟಿದ್ದೀಯ? ಚಿದಾನಂದಪ್ಪನನ್ನು ಕೊನೆಗೆ ಹಾಕಿದ್ದೀಯ ಎಂದು ಎರಡು ವಾರ ನಿನ್ನ ನಕ್ಷೆ ಮುಟ್ಟಲಿಲ್ಲ. ನೀನೇ ಬಸ್ಸು ಹತ್ತಿ ಅವರ ಡೈರಿಗೆ ಹೋಗಿ, ಕೂತು ಚಹಾ ಕುಡಿದು, "ನಿಮ್ಮ ಡೆಲಿವರಿ ಕೊನೆಗಿಟ್ರೆ ಅಂಕಲ್ ನಿಮ್ಮ ಹತ್ರ ಅರ್ಧ ಗಂಟೆ ಕೂತು ಮಾತಾಡಬಹುದು" ಎಂದು ಒಪ್ಪಿಸಿ ಬಂದೆ. ನಕ್ಷೆ ಯಾರು ಬೇಕಾದರೂ ಬರೆಯುತ್ತಾರೆ. ಸರ್ಕಾರಕ್ಕೆ ಬೇಕಾದದ್ದು ಬೈಸಿಕೊಂಡೂ ಬಿಡದವರು. ಅದನ್ನು ಬರೆ. ನನ್ನ ಮರ್ಯಾದೆ ಹೋದರೆ ಹೋಗಲಿ.

ಟೇಬಲ್ ಮಾತಿಗೆ ನೀನು ಏನೂ ಬರೆಯಲಿಲ್ಲ. ಸುಮ್ಮನೆ ಹೇಳಿದ್ದೆ ಎಂದಿದ್ದೆನಲ್ಲ. ಸರಿ.

ಹುಸೇನ್


ಆಲ್ಬನಿ
18 ಜೂನ್ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಪರೀಕ್ಷೆ ಇತ್ತು. ನೀವು ಬೈದದ್ದನ್ನು ಸೇರಿಸಿ ಅರ್ಜಿ ಹಾಕಿದೆ. ಆರುನೂರ ನಲವತ್ತು ಜನರಲ್ಲಿ ನಲವತ್ತು ಜನರನ್ನು ವೆಲಿಂಗ್ಟನ್‌ಗೆ ಕರೆದರು, ನಾನೂ ಹೋಗಿ ಬಂದೆ. ಇಂಟರ್‌ವ್ಯೂನಲ್ಲಿ ಮೂವರೂ ಕೇಳಿದ್ದು ಚಿದಾನಂದ ಅಂಕಲ್ ವಿಷಯವನ್ನೇ. ಚೆನ್ನಾಗಿ ಆಯಿತು ಅನ್ನಿಸುತ್ತದೆ.

ಇನ್ನು ಹತ್ತು ದಿನದಲ್ಲಿ ಸಚಿವಾಲಯದಿಂದ ನಿಮಗೆ ಫೋನ್ ಬರುತ್ತದೆ. ದಯವಿಟ್ಟು "ಹಾಂ, ಆತು" ಎಂದು ಇಟ್ಟುಬಿಡಬೇಡಿ. ಎಷ್ಟು ವರ್ಷ ಕೆಲಸ ಮಾಡಿದಳು, ಹೇಗೆ ಮಾಡಿದಳು, ಅಷ್ಟು ಹೇಳಿ. ಸ್ವಲ್ಪ ಜಾಸ್ತಿಯೇ ಮಾತಾಡಿ.

ಹರ್ಷಿಣಿ


ಹಾರ್ನ್‌ಬಿ
30 ಜೂನ್ 2006

ಹರ್ಷಿಣಿಗೆ ಆಶೀರ್ವಾದ.

ಫೋನ್ ಬಂತು. ಹದಿನೇಳು ನಿಮಿಷ ಮಾತಾಡಿದೆ. ಕನೀಜ್ ಗಡಿಯಾರ ನೋಡುತ್ತ ಎದುರಿಗೇ ನಿಂತಿದ್ದಳು. ನನ್ನ ಜೀವಮಾನದಲ್ಲೇ ಫೋನಿನಲ್ಲಿ ಇಷ್ಟು ಮಾತಾಡಿಲ್ಲ.

ಮೇಡಂ ಒಳ್ಳೆಯವಳು. ಹೊತ್ತಿಗೆ ಸರಿಯಾಗಿ ಬರುತ್ತಿದ್ದಳೇ, ಜಗಳ ಮಾಡುತ್ತಿದ್ದಳೇ, ಎಲ್ಲ ಕೇಳಿದಳು. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ "ನಿಮಗೂ ಹರ್ಷಿಣಿಗೂ ಏನು ಸಂಬಂಧ?" ಎಂದಳು. "ಫ್ಯಾಮಿಲಿ" ಎಂದೆ. "ಫ್ಯಾಮಿಲಿ ಇದ್ದ ಹಾಗೆ ಅಂತಲೇ?" ಎಂದು ಮತ್ತೆ ಕೇಳಿದಳು. "ಇದ್ದಂಗ ಅಲ್ಲ ಮೇಡಂ, ಫ್ಯಾಮಿಲಿನ. ಅಕಿ ನಮ್ಮ ಮನಿ ಮಗಳು" ಎಂದು ಇಂಗ್ಲಿಷಿನಲ್ಲಿ ಎಷ್ಟು ಗಟ್ಟಿಯಾಗಿ ಹೇಳಲು ಬರುತ್ತದೋ ಅಷ್ಟು ಗಟ್ಟಿಯಾಗಿ ಹೇಳಿದೆ. ನಮ್ಮ ಕಡೆ ಹುಡುಗಿಯ ಗುಣ ವಿಚಾರಿಸಲು ಬಂದವರಿಗೆ ನೆರೆಮನೆಯವರು ಹೇಳುವುದರಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಆಕೆ ಸ್ವಲ್ಪ ಹೊತ್ತು ಏನೋ ಬರೆದುಕೊಂಡಳು. ಒಳ್ಳೆಯದೇ ಬರೆದಿರಬೇಕು.

ಈ ಕಾಗದ ಡಬ್ಬದಲ್ಲೇ ಇಡುತ್ತಿದ್ದೇನೆ. ಜೋಳದ ಹಿಟ್ಟು ಕೆಳಗಿದೆ, ನೋಡಿ ಬಿಚ್ಚು.

ಹುಸೇನ್


ಆಲ್ಬನಿ
5 ಜುಲೈ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಫೋನಿನಲ್ಲಿ ನೀವು ಏನು ಹೇಳಿದಿರೋ ಗೊತ್ತಿಲ್ಲ. ಸಚಿವಾಲಯದಿಂದ ನನಗೆ ಒಂದು ಪತ್ರ ಬಂದಿದೆ. "ನಿಮ್ಮ ರೆಫರಿ ಸಂಬಂಧಿಕರಲ್ಲ ಎಂದು ನೀವು ಘೋಷಿಸಿದ್ದೀರಿ. ಅವರು ತಾವು ನಿಮ್ಮ ಕುಟುಂಬದವರೆಂದು ಎರಡು ಸಲ ಹೇಳಿದ್ದಾರೆ. ಘೋಷಣೆ ಸುಳ್ಳಾಗಿದ್ದರೆ ಅರ್ಜಿಯನ್ನು ಮುಂದುವರಿಸಲು ಆಗುವುದಿಲ್ಲ." ನಾನು ಸುಳ್ಳು ಹೇಳಿದೆ ಎನ್ನುವುದು ಅವರ ಅನುಮಾನ. ಸರ್ಕಾರಿ ಕೆಲಸಕ್ಕೆ ಬರುವವರ ಮೇಲೆ ಈ ಅನುಮಾನ ಒಂದಿದ್ದರೆ ಸಾಕು.

ಬೇರೆ ರೆಫರಿ ಕೊಡಲು ಆಗುವುದಿಲ್ಲ. ನೀವೇ ಒಂದು ಪುಟದಲ್ಲಿ ಬರೆದು ಸಹಿ ಮಾಡಬೇಕು: ಹರ್ಷಿಣಿ ನನಗೆ ಸಂಬಂಧಿಯಲ್ಲ, ನನ್ನ ಬಳಿ ಕೆಲಸ ಮಾಡಿದವಳು. ಇಷ್ಟೇ. ಜುಲೈ 19ರೊಳಗೆ ಅವರಿಗೆ ತಲುಪಬೇಕು. ದಯವಿಟ್ಟು ಇವತ್ತೇ ಬರೆಯಿರಿ.

ಹರ್ಷಿಣಿ


ಹಾರ್ನ್‌ಬಿ
10 ಜುಲೈ 2006

ಹರ್ಷಿಣಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಇಲ್ಲಿ ಚಳಿ ಬಹಳ. ಹೋದ ತಿಂಗಳ ಹಿಮದಲ್ಲಿ ಗೋಡೌನಿನ ಹಿಂದಿನ ಶೆಡ್ಡಿನ ತಗಡು ಬಾಗಿತ್ತು, ಅದನ್ನು ಸರಿ ಮಾಡಿಸುತ್ತಿದ್ದೇನೆ. ಯೂಟ್‌ನ ಬ್ಯಾಟರಿ ಬದಲಾಯಿಸಿದೆ. ತೊಗರಿಬೇಳೆಯ ಕಂಟೇನರ್ ಲಿಟ್ಟಲ್‌ಟನ್ ಬಂದರಿನಲ್ಲೇ ನಿಂತಿದೆ.

ನೀನು ಕೇಳಿದ್ದನ್ನು ನೋಡುತ್ತೇನೆ.

ಹುಸೇನ್


ಆಲ್ಬನಿ
12 ಜುಲೈ 2006

ಹುಸೇನ್ ಅಂಕಲ್‌ಗೆ,

ಡಬ್ಬದಲ್ಲಿದ್ದ ಕಾಗದವೂ ಬಂತು, ಬ್ಯಾಟರಿಯ ಕಾಗದವೂ ಬಂತು. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಕನೀಜ್ ಆಂಟಿ "ಯೂಟ್ ತೊಗೊಂಡ್ ಹೊರಗ ಹೋಗ್ಯಾರವ್ವ" ಎಂದರು. ಎರಡನೆಯ ಸಲ ನೀವು ಕೆಮ್ಮಿದ್ದು ನನಗೆ ಕೇಳಿಸಿತು.

ನಾನು ಕೇಳಿದ್ದು ಒಂದು ವಾಕ್ಯ. ಅದು ನಿಜವಾದ ವಾಕ್ಯ. ನೀವು ಗದಗಿನವರು, ನಾವು ಮೈಸೂರಿನವರು. ಹಾರ್ನ್‌ಬಿಯಲ್ಲಿ ನಮ್ಮ ಮನೆ ನಿಮ್ಮ ಪಕ್ಕದ ರಸ್ತೆಯಲ್ಲಿತ್ತು, ಅಮ್ಮನ ಡ್ಯೂಟಿ ಮುಗಿಯುವವರೆಗೆ ನಾನು ನಿಮ್ಮ ಗೋಡೌನಿನಲ್ಲಿ ಕೂತು ಓದುತ್ತಿದ್ದೆ, ಹದಿನಾರು ತುಂಬಿದ ಮೇಲೆ ಅಲ್ಲೇ ಕೆಲಸ ಮಾಡಿದೆ. ಇದನ್ನು ಬರೆಯಲು ಏನು ಕಷ್ಟ?

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಿ. ಈ ಕೆಲಸ ತಪ್ಪಿದರೆ ನಾನು ಬಂದು ಆ ಟೇಬಲ್ ಹಿಂದೆ ಕೂರುತ್ತೇನೆ ಎಂದುಕೊಂಡಿದ್ದೀರಾ? ಅದಕ್ಕೇ ಬರೆಯುತ್ತಿಲ್ಲವಾ? ಹಾಗಿದ್ದರೆ ನೇರವಾಗಿ ಹೇಳಿ. ಈ ಕೆಲಸ ಹೋದರೂ ನಾನು ಅಲ್ಲಿಗೆ ಬರುವುದಿಲ್ಲ.

ಹರ್ಷಿಣಿ


ಹಾರ್ನ್‌ಬಿ
15 ಜುಲೈ 2006

ಹರ್ಷಿಣಿ,

ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಜೊತೆಗಿರುವ ಪುಟ ಸಚಿವಾಲಯಕ್ಕೆ. ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದೇನೆ. ಕನ್ನಡದಲ್ಲಿ ಇಷ್ಟಾಗುತ್ತದೆ:

"ಹರ್ಷಿಣಿ 2000ದಿಂದ 2003ರವರೆಗೆ ನನ್ನ ಗೋಡೌನಿನಲ್ಲಿ ಕೆಲಸ ಮಾಡಿದ್ದಾರೆ. ರಕ್ತದಿಂದಾಗಲಿ, ಮದುವೆಯಿಂದಾಗಲಿ, ದತ್ತಕದಿಂದಾಗಲಿ ಅವರು ನನಗೆ ಸಂಬಂಧಿಯಲ್ಲ. ಫೋನಿನಲ್ಲಿ ನಾನು ಹೇಳಿದ್ದು ನಮ್ಮ ಭಾಷೆಯಲ್ಲಿ ಮಾತಾಡುವ ರೀತಿ. ಅದನ್ನು ನಿಜವೆಂದು ತಿಳಿಯಬಾರದು."

ಈಗ ನಿನ್ನ ಪ್ರಶ್ನೆ. ಮೇಡಂ ಜೊತೆ ಮಾತಾಡುವಾಗ ಟೇಬಲ್ ನನ್ನ ತಲೆಯಲ್ಲಿರಲಿಲ್ಲ. ಆದರೆ ನಿನ್ನ ಕಾಗದ ಬಂದ ಮೇಲೆ ಬರೆಯದೆ ಕೂತಿದ್ದೆನಲ್ಲ, ಆ ದಿನಗಳಲ್ಲಿ ಒಂದು ದಿನ ತಲೆಗೆ ಬಂತು. ಸುಳ್ಳು ಹೇಳುವುದಿಲ್ಲ. ಬಂತು, ಹೋಯಿತು. ಬರೆಯದೆ ಇದ್ದದ್ದು ಅದಕ್ಕಲ್ಲ.

ಕನೀಜ್‌ಳ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ಆ ಮಗು ಕುಬ್ರಾ. ನಲವತ್ತು ದಿನದ ಕೂಸನ್ನು ಮನೆಗೆ ತಂದು ಏಳು ವರ್ಷ ಸಾಕಿದೆವು. ನಮ್ಮಲ್ಲಿ ದತ್ತಕದ ಕಾಗದ ಮಾಡಿಸುವ ಪದ್ಧತಿ ಇಲ್ಲ. ಸಾಕಿದೆವು, ಅಷ್ಟೇ. 1996ರಲ್ಲಿ ಇಲ್ಲಿಗೆ ಬರಲು ಅರ್ಜಿ ಹಾಕಿದಾಗ, ಈ ಮಗು ನಿಮ್ಮದೇ ಎಂದು ಕೇಳಿ ಪತ್ರ ಬಂತು. ಹೌದು ಎಂದರೆ ಕಾಗದ ತೋರಿಸಬೇಕು, ಕಾಗದ ಇಲ್ಲದಿದ್ದರೆ ಇಡೀ ಫೈಲ್ ನಿಲ್ಲುತ್ತದೆ ಎಂದು ಏಜೆಂಟ್ ಹೇಳಿದ. ಅಲ್ಲ ಎಂದು ಬರೆದು ಸಹಿ ಮಾಡಿದೆ. ಅಲ್ಲಿಗೆ ಹೋದ ಮೇಲೆ ಕರೆಸಿಕೊಂಡರಾಯಿತು ಎಂದುಕೊಂಡಿದ್ದೆವು. ಆಗಲಿಲ್ಲ. ಅಜ್ಜಿಯ ಹತ್ತಿರ ಬೆಳೆದಳು. ಇಲ್ಲಿಂದ ಮೊದಲ ಸಲ ಫೋನ್ ಮಾಡಿದಾಗ, ಅಲ್ಲಿಯವರೆಗೆ ಅಬ್ಬಾ, ಅಂದರೆ ಅಪ್ಪ, ಎನ್ನುತ್ತಿದ್ದವಳು ಖಾಲೂ ಎಂದಳು. ಖಾಲೂ ಅಂದರೆ ಚಿಕ್ಕಮ್ಮ ದೊಡ್ಡಮ್ಮನ ಗಂಡ. ನಾನು ಬರೆದುಕೊಟ್ಟದ್ದನ್ನು ಆ ಮಗು ಓದಿರಲಿಲ್ಲ. ಅದಕ್ಕೆ ಹೇಗೆ ಗೊತ್ತಾಯಿತೋ.

ಆಮೇಲೆ ಒಂದು ವರ್ಷಕ್ಕೆ ನೀನೂ ನಿನ್ನ ಅಮ್ಮ ಪದ್ಮಾವತಿ ಅವರೂ ಪಕ್ಕದ ರಸ್ತೆಗೆ ಬಂದಿರಿ. ನಿನ್ನನ್ನು ಕುಬ್ರಾಳ ಜಾಗದಲ್ಲಿ ಕೂರಿಸಿಕೊಂಡೆವು ಎಂದು ತಿಳಿಯಬೇಡ. ಹಾಗಲ್ಲವೇ ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಮೊನ್ನೆ ಪೆನ್ನು ಹಿಡಿದು ಕೂತಾಗ ಅದೇ ವಾಕ್ಯವನ್ನು ಎರಡನೆಯ ಸಲ ಬರೆಯುತ್ತಿದ್ದೇನೆ ಅನ್ನಿಸಿತು, ಕೈ ಓಡಲಿಲ್ಲ. ಕೊನೆಗೆ ಕನೀಜ್ ಎದುರಿಗೆ ಕೂತು "ಬರೀರಿ. ಆವಾಗ ನಮಗಾಗಿ ಬರದ್ವಿ, ಈಗ ಅಕಿ ಸಲುವಾಗಿ ಬರ್ಯೋದು" ಎಂದಳು. ಬರೆದೆ.

ಹುಸೇನ್


ಆಲ್ಬನಿ
20 ಆಗಸ್ಟ್ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ನಿಮ್ಮ ಪುಟವನ್ನು ಜುಲೈ 17ರಂದೇ ಫ್ಯಾಕ್ಸ್ ಮಾಡಿದೆ. ಮೊನ್ನೆ ಫಲಿತಾಂಶ ಬಂತು. ಹನ್ನೆರಡು ಜನರಲ್ಲಿ ನಾನೂ ಒಬ್ಬಳು. ಫೆಬ್ರವರಿ 5ಕ್ಕೆ ಸೇರಬೇಕು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಎರಡು ಜನಕ್ಕೆ ಅಕ್ಕಿ ಹಾಕೋದು ಮರ್ತೇ ಹೋಗಿದೆ ಕಣೇ" ಎಂದಳು.

ಜುಲೈ 12ರಂದು ಬರೆದದ್ದಕ್ಕೆ ಕ್ಷಮಿಸಿ. ಕುಬ್ರಾಳ ವಿಷಯಕ್ಕೆ ಏನು ಬರೆಯಬೇಕೋ ತಿಳಿಯದೆ ಒಂದು ತಿಂಗಳು ಕಳೆದೆ. ಈಗಲೂ ತಿಳಿದಿಲ್ಲ. ಆ ವಾಕ್ಯ ಬೇಕೆಂದು ಕೇಳಿದ್ದು ನಾನೇ. ಅದು ನಿಜವೆಂದು ವಾದ ಮಾಡಿದ್ದೂ ನಾನೇ. ನಿಮ್ಮ ಅಕ್ಷರದಲ್ಲಿ ನೋಡಿ ಅಳು ಬಂತು. ಫ್ಯಾಕ್ಸ್ ಅಂಗಡಿಯವನು ಪುಟ ಸರಿಯಾಗಿ ಹೋಗಿದೆ ಎಂದು ಮೂರು ಸಲ ಸಮಾಧಾನ ಹೇಳಿದ.

ಹರ್ಷಿಣಿ


ಹಾರ್ನ್‌ಬಿ
4 ಸೆಪ್ಟೆಂಬರ್ 2006

ಕುಮಾರಿ ಹರ್ಷಿಣಿ ಅವರಿಗೆ,

ತಾವು ಆಯ್ಕೆಯಾದ ಸುದ್ದಿ ತಿಳಿದು ಸಂತೋಷವಾಯಿತು. ನನ್ನ ಮತ್ತು ನನ್ನ ಮನೆಯವರ ಅಭಿನಂದನೆಗಳು.

ನಾನು ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ. ಬರೆದುಕೊಟ್ಟದ್ದು ಒಂದು, ನಡೆದುಕೊಳ್ಳುವುದು ಇನ್ನೊಂದು ಆದರೆ ನಾಳೆ ಯಾರಾದರೂ ವಿಚಾರಿಸಿದಾಗ ತೊಂದರೆ ನಿಮಗೆ. ಆದ್ದರಿಂದ ಡಬ್ಬ ಕಳಿಸುವುದನ್ನು ನಿಲ್ಲಿಸಿದ್ದೇನೆ. ಕನೀಜ್ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳಿಗೆ ಕಾಗದಪತ್ರದ ವಿಷಯ ತಿಳಿಯುವುದಿಲ್ಲ. ನೀವು ಓದಿದವರು, ತಿಳಿದುಕೊಳ್ಳುತ್ತೀರಿ. ನಿಮಗೆ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಹಿಂದಿನ ಮಾಲೀಕ,
ಹುಸೇನ್


ಆಲ್ಬನಿ
19 ನವೆಂಬರ್ 2006

ಹುಸೇನ್ ಅಂಕಲ್‌ಗೆ ನಮಸ್ಕಾರ.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಐದು ಸಲ ಕೂತೆ. ಹದಿಮೂರನೇ ವಯಸ್ಸಿನಿಂದ ನೀವು ನನ್ನನ್ನು ಒಂದು ಸಲವೂ "ನೀವು" ಎಂದಿರಲಿಲ್ಲ. ಬೈಯುವಾಗಲೂ "ಏ ಹುಡಿಗಿ" ಎಂದೇ ಬೈದದ್ದು.

ಕಡೆಗೆ ಸಚಿವಾಲಯದ ಆ ಮೇಡಂಗೇ ಫೋನ್ ಮಾಡಿದೆ. "ನನ್ನ ರೆಫರಿ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದಾರೆ, ನಿಲ್ಲಿಸಲು ಹೇಳಬಹುದೇ?" ಎಂದು ಕೇಳಬೇಕೆಂದಿದ್ದೆ. ಇಂಗ್ಲಿಷಿನಲ್ಲಿ ಅದಕ್ಕೆ ಮಾತೇ ಇಲ್ಲ, ನೀನು ನೀವು ಎರಡಕ್ಕೂ ಯೂ. ಸುತ್ತಿ ಬಳಸಿ ವಿವರಿಸಿದೆ. ಆಕೆ ನಕ್ಕು, "ನಾವು ಕೇಳಿದ್ದು ಅರ್ಜಿಗಾಗಿ, ಅರ್ಜಿ ಮುಗಿಯಿತು. ಅವರು ನಿಮಗೆ ಏನು ಬೇಕಾದರೂ ಆಗಬಹುದು, ಸರ್ಕಾರಕ್ಕೆ ಅದರ ಗೊಡವೆಯಿಲ್ಲ" ಎಂದಳು. ಬರೆದುಕೊಡುತ್ತೀರಾ ಎಂದೆ. ಆಕೆ ಕಳಿಸಿದ ಎರಡು ಸಾಲಿನ ಪತ್ರ ಇದರ ಜೊತೆಗಿದೆ. ಸಹಿಯೂ ಇದೆ, ತಾರೀಖೂ ಇದೆ. ನಿಮಗೆ ಕಾಗದವೇ ಬೇಕೆಂದಿದ್ದರೆ ಇಗೋ ಕಾಗದ.

ಡಿಸೆಂಬರ್ 16ಕ್ಕೆ ಬರುತ್ತಿದ್ದೇನೆ, ಕೆಲಸಕ್ಕೆ ಸೇರುವವರೆಗೆ ಇರುತ್ತೇನೆ. ಟೇಬಲ್‌ಗಾಗಿ ಅಲ್ಲ, ಮನೆಗೆ. ಕ್ರಿಸ್‌ಮಸ್ ವಾರ ಅಮ್ಮನೂ ಬರುತ್ತಾಳೆ. ನಾನು ಬರುವುದು ಬೇಡ ಎನ್ನಿಸಿದರೆ ಬೇರೇನೂ ಹೇಳಬೇಕಾಗಿಲ್ಲ. ಮುಂದಿನ ಕಾಗದದಲ್ಲೂ "ನೀವು" ಎಂದೇ ಬರೆಯಿರಿ. ನನಗೆ ಅರ್ಥವಾಗುತ್ತದೆ. ಬರುವುದಿಲ್ಲ.

ಹರ್ಷಿಣಿ


ಹಾರ್ನ್‌ಬಿ
24 ನವೆಂಬರ್ 2006

ಹರ್ಷಿಣಿ,

ಸರ್ಕಾರಕ್ಕೆ ಅಷ್ಟು ದೊಡ್ಡ ಅರ್ಜಿ ಬರೆದವಳು ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಬರೆಯಲಿಲ್ಲ. ಯಾವಾಗ ಕಲಿಯುತ್ತೀ ನೀನು?

ಹುಸೇನ್